ಸ್ಪ್ರಿಂಗ್ ಕೊಯ್ದ ಕಾರು, ನಿಜಾಮರ ರೋಲ್ಸ್, ಅಪ್ಪನ ಬೆನ್ನು

ಹಿಂದಿನ ಎಪಿಸೋಡ್ ಕೇಳಿ ಸುಮಾರು ಜನ ಮೆಸೇಜ್ ಮಾಡಿದ್ರಿ, ‘ಭಾಗ್ಯನಗರ ಅಂತೀರಿ, ನೀವು ಹೈದರಾಬಾದಾ?’ ಅಂತ. ಅಲ್ರಿ. ಆ ಭಾಗ್ಯನಗರ ಬೇರೆ. ನಮ್ದು ಕೊಪ್ಪಳದ ರೈಲು ಹಳಿ ದಾಟಿದ್ರೆ ಸಿಗೋ ಭಾಗ್ಯನಗರ. ಮಗ್ಗದ ಊರು, ಕೂದಲು ವ್ಯಾಪಾರದ ಊರು. ಆದರೆ ಇವತ್ತಿನ ಕಥೆಯಲ್ಲಿ ಹೈದರಾಬಾದಿನ ನಿಜಾಮರೂ ಬರ್ತಾರೆ, ಅವರ ಕಾರೂ ಬರುತ್ತೆ.

ವಿಷಯ ಏನಪ್ಪಾ ಅಂದ್ರೆ ಸಸ್ಪೆನ್ಷನ್. ಇತಿಹಾಸದ ಪಾಡ್‌ಕಾಸ್ಟಿನಲ್ಲಿ ಶಾಕಪ್ಸರ್ ಯಾಕೆ ಅಂತ ಕೇಳಬೇಡಿ, ಹೇಳ್ತೀನಿ.

ಹೋದ ವರ್ಷ ಒಂದು ಸೆಕೆಂಡ್‌ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡೆ. 2,40,000 ರೂಪಾಯಿ. ದಿನಾ ಹೊಸಪೇಟೆಗೆ ಕೆಲಸಕ್ಕೆ ಹೋಗಿ ಬರೋದಕ್ಕೆ, ತಿಂಗಳಿಗೆ ಎರಡು ಸಲ ಅಪ್ಪನನ್ನ ಹುಬ್ಬಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೋಗೋದಕ್ಕೆ. ಅಪ್ಪ ಮೂವತ್ತು ವರ್ಷ ಮಗ್ಗದಲ್ಲಿ ಕೂತವರು. ಬೆನ್ನು ಹೋಗಿದೆ. ಕಾರು ನೋಡಲಿಕ್ಕೆ ಮಸ್ತ್ ಇತ್ತು, ಸ್ವಲ್ಪ ನೆಲಕ್ಕೆ ತಗ್ಗಿ ನಿಂತಿತ್ತು, ಅದೇ ನನಗೆ ಇಷ್ಟ ಆಗಿದ್ದು. ಮೊದಲನೇ ಹುಬ್ಬಳ್ಳಿ ಟ್ರಿಪ್ಪಿನಲ್ಲಿ ಗದಗ ಬರೋದರೊಳಗೆ ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟರು. ‘ತಮ್ಮಾ, ಚಕ್ಕಡ್ಯಾಗ ಕರ್ಕೊಂಡು ಹೋಗಿದ್ರ ಇದಕ್ಕಿಂತ ಛಲೋ ಇತ್ತು’ ಅಂದ್ರು. ತಮಾಷೆಗೆ ಅಂದಿದ್ದಲ್ಲ ಅದು.

ಮರುದಿನ ಕೊಪ್ಪಳದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರನ್ನ ಜ್ಯಾಕ್ ಮೇಲೆ ಎತ್ತಿ, ಟಾರ್ಚ್ ಹಾಕಿ, ನಕ್ಕರು. ‘ಸ್ಪ್ರಿಂಗ್ ಕೊಯ್ದಾರ ನೋಡ್ರಿ.’ ಹಳೆ ಮಾಲೀಕ ಕಾರು ತಗ್ಗಿ ಕಾಣಲಿ ಅಂತ ಮುಂದಿನ ಎರಡೂ ಸ್ಪ್ರಿಂಗುಗಳನ್ನ ಒಂದೂವರೆ ಸುತ್ತು ಕತ್ತರಿಸಿ ಹಾಕಿಸಿದ್ದ. ನಾನು ಇಷ್ಟಪಟ್ಟು ತಗೊಂಡಿದ್ದು ಅದನ್ನೇ.

ಅವತ್ತು ರಾತ್ರಿ ಫೋನ್ ಹಿಡಿದು ಕೂತೆ. ಕಾಯಿಲೋವರ್ ಕಿಟ್, ಅಡ್ಜಸ್ಟೆಬಲ್ ಶಾಕಪ್ಸರ್, ಎತ್ತರ ಏರಿಸೋದು, ಇಳಿಸೋದು. ಒಂದೂಕಾಲು ಲಕ್ಷದ ಕಿಟ್ ಒಂದನ್ನ ಕಾರ್ಟಿಗೆ ಹಾಕಿ ಇಟ್ಟಿದ್ದೆ ಕೂಡ. ಅಂದ್ರೆ ಕಾರಿನ ಅರ್ಧಕ್ಕಿಂತ ಹೆಚ್ಚು ಬೆಲೆ. ಬಿಕಾಂ ಓದಿದವನ ಕೈ ಅಲ್ಲಿ ನಿಂತಿತು. ದುಡ್ಡು ಕೊಡೋ ಮುಂಚೆ ಇದು ಏನು, ಎಲ್ಲಿಂದ ಬಂತು ಅಂತ ತಿಳ್ಕೋಬೇಕು ಅನ್ನಿಸ್ತು. ಅಲ್ಲಿಂದ ಶುರುವಾಗಿದ್ದು ಈ ಎಪಿಸೋಡ್.

ಮೊದಲು ಆ ಪದ ನೋಡಿ. ಸಸ್ಪೆನ್ಷನ್ ಅಂದ್ರೆ ತೂಗುಹಾಕೋದು. ಯುರೋಪಿನ ಹಳೆ ಕುದುರೆಗಾಡಿಗಳಲ್ಲಿ ಜನ ಕೂರೋ ಪೆಟ್ಟಿಗೆಯನ್ನ ಚರ್ಮದ ಪಟ್ಟಿಗಳಿಂದ ಚೌಕಟ್ಟಿಗೆ ನಿಜವಾಗಿಯೂ ತೂಗುಹಾಕ್ತಿದ್ದರು. ನಮ್ಮ ತೊಟ್ಟಿಲಿನ ಹಾಗೆ. ತೊಟ್ಟಿಲು ಒಂದು ಸಲ ತೂಗಿದರೆ ತಾನಾಗಿ ನಿಲ್ಲಲ್ಲ ಅಲ್ವಾ? ಆ ಗಾಡಿಗಳೂ ಹಾಗೇ. ಕೂತವರಿಗೆ ವಾಂತಿ ಬರ್ತಿತ್ತು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಚಕ್ಕಡಿಗೆ ಅದೂ ಇರಲಿಲ್ಲ. ಗಾಲಿ, ಅಚ್ಚು, ಅದರ ಮೇಲೆ ಹಲಗೆ. ಹುಲಿಗೆಮ್ಮನ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗ್ತಿದ್ದಾಗ ಕೆಳಗೆ ಮೇವು, ಅದರ ಮೇಲೆ ಕೌದಿ ಹಾಸ್ತಿದ್ರು ಅಂತ ನಮ್ಮಜ್ಜಿ ಹೇಳ್ತಿದ್ರು. ಎಷ್ಟು ಮೇವು ಹಾಕಬೇಕು ಅನ್ನೋದೇ ಅವರ ಅಡ್ಜಸ್ಟ್‌ಮೆಂಟ್. ಬಸುರಿ ಹೆಂಗಸು ಕೂತಿದ್ರೆ ಒಂದು ಕೌದಿ ಜಾಸ್ತಿ. ಹಂಪಿಯ ಕಲ್ಲಿನ ರಥ ನಮಗೆ ಇಲ್ಲೇ ಹತ್ತಿರ, ಐವತ್ತರ ನೋಟಿನ ಮೇಲೂ ಇದೆ. ಅದಕ್ಕಂತೂ ಸ್ಪ್ರಿಂಗಿನ ಚಿಂತೆಯೇ ಇಲ್ಲ, ನಿಂತಲ್ಲೇ ಇರೋದು.

1804ರಲ್ಲಿ ಲಂಡನ್ನಿನ ಒಬದಯಾ ಎಲಿಯಟ್ ಅನ್ನೋ ಗಾಡಿ ಕಟ್ಟೋನು ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದು ಜೋಡಿಸಿ, ಬಿಲ್ಲಿನ ಹಾಗೆ ಬಾಗಿಸಿ, ನೇರ ಅಚ್ಚಿಗೆ ಕೂರಿಸೋ ಪದ್ಧತಿಗೆ ಪೇಟೆಂಟ್ ತಗೊಂಡ. ಅದೇ ನಮ್ಮ ಲಾರಿಗಳ ಪಾಟಾ, ಬ್ಲೇಡ್ ಸೆಟ್. ಇನ್ನೂರು ವರ್ಷ ಆದ್ರೂ ಗಂಗಾವತಿಯ ಭತ್ತದ ಲಾರಿ ನಿಂತಿರೋದು ಅದರ ಮೇಲೇನೆ. ಪಾಟಾದಲ್ಲಿ ಒಂದು ದೊಡ್ಡ ಗುಣ ಇತ್ತು. ಪಟ್ಟಿ ಪಟ್ಟಿ ಉಜ್ಜಿಕೊಂಡು ತೂಗಾಟವನ್ನ ತಾನೇ ಅಷ್ಟಿಷ್ಟು ನಿಲ್ಲಿಸ್ತಿತ್ತು. ಕುದುರೆ ಓಡೋ ವೇಗಕ್ಕೆ ಅಷ್ಟು ಸಾಕು.

ಈಗ ನಿಜಾಮರ ಕಾರಿಗೆ ಬರೋಣ. ಕೊಪ್ಪಳ ಭಾಗ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆರ್ಡರ್ ಕೊಟ್ಟ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, ಒಳಗೆ ಸಿಂಹಾಸನ ಇಟ್ಟಿರೋದು, ಇವತ್ತಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಆ ಕಾರಿನ ಕೆಳಗೆ ಬಗ್ಗಿದರೆ ಕಾಣೋದು ಏನು? ಪಾಟಾ! ರಾಜನ ಸಿಂಹಾಸನಕ್ಕೂ ಟಾಂಗಾಕ್ಕೂ ಒಂದೇ ತತ್ವ.

ಕಾರಿನ ವೇಗ ಏರಿದ ಹಾಗೆ ತೊಟ್ಟಿಲಿನ ಸಮಸ್ಯೆ ವಾಪಸ್ ಬಂತು. ಒಂದು ತಗ್ಗು ಹಾದರೆ ಕಾರು ಕುಣೀತಾನೇ ಇರೋದು. ಇಲ್ಲಿ ಒಂದು ತಪ್ಪು ತಿಳುವಳಿಕೆ ಸರಿ ಮಾಡ್ತೀನಿ, ನನಗೂ ಇತ್ತು ಅದು. ಶಾಕಪ್ಸರ್ ಅನ್ನೋದು ಹೆಸರಿಗೆ ಮಾತ್ರ. ಏಟು ನುಂಗೋದು ಸ್ಪ್ರಿಂಗ್. ನುಂಗಿದ ಮೇಲೆ ಕುಣಿಯೋದನ್ನ ನಿಲ್ಲಿಸೋದು ಶಾಕಪ್ಸರ್. ಇಂಜಿನಿಯರುಗಳು ಡ್ಯಾಂಪರ್ ಅಂತಾರೆ, ಅದು ಸರಿಯಾದ ಹೆಸರು. ಭಾರ ಹೊರೋದು ಸ್ಪ್ರಿಂಗ್, ಬುದ್ಧಿ ಹೇಳೋದು ಡ್ಯಾಂಪರ್.

ಈಗ ನನಗೆ ನಿಜವಾಗಿ ಆಶ್ಚರ್ಯ ಆದ ಭಾಗ. ಅಡ್ಜಸ್ಟೆಬಲ್ ಅನ್ನೋದು ಈಗಿನ ಫ್ಯಾಷನ್, ಹೊಸ ತಂತ್ರಜ್ಞಾನ ಅಂದ್ಕೊಂಡಿದ್ದೆ. ಉಲ್ಟಾ! ಕಾರಿನ ಮೊದಲ ಡ್ಯಾಂಪರುಗಳೇ ಅಡ್ಜಸ್ಟೆಬಲ್. ಫ್ರಾನ್ಸಿನ ಟ್ರುಫೋ ಕಂಡುಹಿಡಿದು, ಅಮೆರಿಕದ ಹಾರ್ಟ್‌ಫರ್ಡ್ ಮಾರಾಟಕ್ಕೆ ತಂದ ಡ್ಯಾಂಪರು ಎರಡು ತೋಳು, ನಡುವೆ ಉಜ್ಜೋ ಬಿಲ್ಲೆಗಳು, ಮಧ್ಯೆ ಒಂದು ಬೋಲ್ಟು. ಕತ್ತರಿ ಇದ್ದ ಹಾಗೆ. ನಟ್ ಬಿಗಿ ಮಾಡಿದ್ರೆ ಗಟ್ಟಿ, ಸಡಿಲ ಮಾಡಿದ್ರೆ ಮೆತ್ತಗೆ. ಪಾನಾ ಇದ್ರೆ ಸಾಕು. 1928ರ ಮಾಡೆಲ್ಲಿಗೆ ಬಂದ ಫೋರ್ಡ್ ಮಾಡೆಲ್ ಎ ನೋಡಿ, ಬಡವರ ಕಾರು ಅದು. ಅದರಲ್ಲಿ ಹೂಡಾಯ್ ಕಂಪನಿಯ ಎಣ್ಣೆ ತುಂಬಿದ ಡ್ಯಾಂಪರು. ಎಣ್ಣೆ ಹರಿಯೋ ಕಿರಿದಾದ ದಾರಿಗೆ ಒಂದು ಸೂಜಿ ಸ್ಕ್ರೂ. ತಿರುಗಿಸಿದ್ರೆ ದಾರಿ ಸಣ್ಣದಾಗುತ್ತೆ, ಡ್ಯಾಂಪರ್ ಗಟ್ಟಿ ಆಗುತ್ತೆ. 1930ರ ದಶಕದಲ್ಲಿ ರೋಲ್ಸ್ ರಾಯ್ಸಿನ ಫ್ಯಾಂಟಮ್ 3ರಲ್ಲಿ ಸ್ಟೇರಿಂಗ್ ಚಕ್ರದ ಮೇಲೇ ಅದಕ್ಕೊಂದು ಲಿವರ್ ಕೊಟ್ಟಿದ್ರು. ಕೂತಲ್ಲಿಂದಲೇ ಗಟ್ಟಿ, ಮೆತ್ತಗೆ.

ಯಾಕೆ ಹಾಗಿತ್ತು? ಕಾರು ಯಾವ ರಸ್ತೆಗೆ ಹೋಗುತ್ತೆ, ಎಷ್ಟು ಜನ ಕೂರ್ತಾರೆ ಅಂತ ಕಂಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಕೊಂಡು ಕೀಲಿಯನ್ನ ಮಾಲೀಕನ ಕೈಗೇ ಕೊಟ್ಟಿದ್ರು.

ಇಲ್ಲಿ ನನ್ನ ಹೀರೋ ಬರ್ತಾರೆ. ಮಾರಿಸ್ ಆಲಿ. ರೋಲ್ಸ್ ರಾಯ್ಸಿನಲ್ಲಿದ್ದ ಇಂಗ್ಲಿಷ್ ಇಂಜಿನಿಯರ್, 1930ರಲ್ಲಿ ಅಮೆರಿಕದ ಕ್ಯಾಡಿಲಾಕಿಗೆ ಹೋದರು. ಅವರು ಕಾರಿನ ಮೇಲೆ ತೂಕ ಆಕಡೆ ಈಕಡೆ ಸರಿಸಿ, ಸ್ಪ್ರಿಂಗು ಬದಲಿಸಿ, ಜನರನ್ನ ಕೂರಿಸಿ ‘ಹೇಗಿದೆ?’ ಅಂತ ಕೇಳಿದ್ರು. ಗೊತ್ತಾಗಿದ್ದು ಇದು: ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆತ್ತಗೆ ಇರಬೇಕು. ಯಾಕಂದ್ರೆ ಹಂಪ್ ಮೊದಲು ಮುಂದಿನ ಗಾಲಿಗೆ ಸಿಗುತ್ತೆ, ಸ್ವಲ್ಪ ತಡವಾಗಿ ಹಿಂದಿನದಕ್ಕೆ. ಹಿಂದಿನದು ಸ್ವಲ್ಪ ಬೇಗ ಬೇಗ ಕುಣಿದರೆ ಮುಂದಿನದರ ಜತೆ ಹೊಂದಿಕೊಳ್ಳುತ್ತೆ, ಕಾರು ಮಟ್ಟಸವಾಗಿ ಏರಿ ಇಳಿಯುತ್ತೆ. ಉಲ್ಟಾ ಆದ್ರೆ ಮೂಗು ಮೇಲೆ, ಬಾಲ ಕೆಳಗೆ, ಏತದ ಹಾಗೆ. ಹಿಂದಿನ ಸೀಟಿನವರಿಗೆ ನರಕ.

ನನ್ನ ಕಾರಿಗೆ ಇದನ್ನ ಹಾಕಿ ನೋಡಿ. ಸ್ಪ್ರಿಂಗ್ ಕೊಯ್ದ್ರೆ ಅದು ಬರೀ ಗಿಡ್ಡ ಆಗಲ್ಲ, ಗಟ್ಟಿನೂ ಆಗುತ್ತೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದೂವರೆ ಸುತ್ತು ತೆಗೆದ್ರೆ ಉಳಿದಿದ್ದು ನಾಲ್ಕೂವರೆ. ಗಡಸುತನ ಮೂರನೇ ಒಂದು ಭಾಗ ಏರಿತು. ಕೊಯ್ದಿದ್ದು ಮುಂದಿನದು ಮಾತ್ರ. ಅಂದ್ರೆ ಆಲಿ ತೊಂಬತ್ತು ವರ್ಷದ ಹಿಂದೆ ಯಾವುದನ್ನ ಮಾಡಬೇಡಿ ಅಂದ್ರೋ ಅದನ್ನೇ ಹಳೆ ಮಾಲೀಕ ಮಾಡಿದ್ದ. ಅಪ್ಪ ಹಿಂದೆ ಕೂತಿದ್ರು.

ಇನ್ನೊಂದು ಲೆಕ್ಕ. ಆರಾಮದ ಕಾರು ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತೆ. ಸೆಕೆಂಡಿಗೆ ಒಂದು ಸಲ ಆಡೋ ಕಾರಿನ ಸ್ಪ್ರಿಂಗು ಕಾರಿನ ಭಾರಕ್ಕೇ ಸುಮಾರು 25 ಸೆಂಟಿಮೀಟರ್ ಕುಗ್ಗಿರಬೇಕು. ಸೆಕೆಂಡಿಗೆ ಎರಡು ಸಲ ಆದ್ರೆ 6 ಸೆಂಟಿಮೀಟರ್ ಸಾಕು. ಅಂದ್ರೆ ಮೆತ್ತಗಿರಬೇಕು ಅಂದ್ರೆ ಆಡೋಕೆ ಜಾಗ ಬೇಕೇ ಬೇಕು. ಕಾರು ತಗ್ಗಿಸಿದವನು ಆ ಜಾಗವನ್ನ ಮಾರಿಕೊಂಡಿರ್ತಾನೆ. ಜಾಗ ಮುಗಿದಾಗ ರಬ್ಬರ್ ಬಂಪ್‌ಸ್ಟಾಪಿಗೆ ಬಡಿಯುತ್ತೆ. ‘ಟಕ್’. ಆ ಏಟು ನೇರ ಬೆನ್ನುಹುರಿಗೆ. ಕೂತಿರೋ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಸಲದ ಕುಲುಕಾಟವನ್ನ ಎಲ್ಲಕ್ಕಿಂತ ಕಡಿಮೆ ತಡ್ಕೊಳ್ಳೋದು. ಗಡಸು ಕಾರು ತಳ್ಳೋದು ಆ ಕಡೆಗೇ.

ಯುದ್ಧದ ನಂತರ ಏನಾಯ್ತು? ಟೆಲಿಸ್ಕೋಪಿಕ್ ಡ್ಯಾಂಪರ್ ಬಂತು, ಈಗ ನಾವು ನೋಡೋ ಕೊಳವೆ. ಅಗ್ಗ, ಸೀಲ್ ಮಾಡಿದ್ದು, ಸ್ಕ್ರೂ ಇಲ್ಲ. ಕಂಪನಿಗಳಿಗೆ ಈಗ ಟೆಸ್ಟ್ ಟ್ರ್ಯಾಕ್ ಇತ್ತು, ಅಂಕಿಅಂಶ ಇತ್ತು. ‘ನಿಮಗೇನು ಬೇಕು ನಮಗೆ ಗೊತ್ತು’ ಅಂತ ಕೀಲಿ ವಾಪಸ್ ಇಸ್ಕೊಂಡ್ರು. ನಮ್ಮಲ್ಲಿ ಗೇಬ್ರಿಯಲ್ ಇಂಡಿಯಾ 1961ರಲ್ಲಿ ಶುರುವಾಯ್ತು, ಗಡಿಯಾಚೆ ಹೊಸೂರಿನಲ್ಲೂ ಅವರ ಕಾರ್ಖಾನೆ ಇದೆ. ಅಂಬಾಸಿಡರ್ ಮಾತ್ರ ಸ್ವಲ್ಪ ಹಳೇ ಕಾಲದಲ್ಲೇ ಉಳಿತು. ಮುಂದೆ ಟಾರ್ಷನ್ ಬಾರ್, ಅಂದ್ರೆ ಸುರುಳಿ ಸ್ಪ್ರಿಂಗಿನ ಬದಲು ತಿರುಚಿಕೊಳ್ಳೋ ಉಕ್ಕಿನ ಸರಳು, ಹಿಂದೆ ಪಾಟಾ. ಟಾರ್ಷನ್ ಬಾರಿನ ಗುಣ ಏನಂದ್ರೆ, ಸರಳಿನ ತುದಿಯನ್ನ ಸ್ವಲ್ಪ ತಿರುಗಿಸಿ ಕೂರಿಸಿದ್ರೆ ಗಾಡಿಯ ಎತ್ತರವೇ ಬದಲಾಗುತ್ತೆ. 2002ರಲ್ಲಿ ಬಂದ ಮೊದಲ ಸ್ಕಾರ್ಪಿಯೋದಲ್ಲೂ ಮುಂದೆ ಇದೇ ಇತ್ತು. ‘ಟಾರ್ಷನ್ ಏರಿಸಿಕೊಡ್ರಿ’ ಅಂತ ನಮ್ಮ ಕಡೆ ಗ್ಯಾರೇಜಿನಲ್ಲಿ ಇವತ್ತಿಗೂ ಕೇಳ್ತಾರೆ. ಹೈಟ್ ಅಡ್ಜಸ್ಟೆಬಲ್ ಸಸ್ಪೆನ್ಷನ್ ಅಂತ ಯಾರೂ ಕರೀಲಿಲ್ಲ, ಅಷ್ಟೇ.

ಸ್ಕ್ರೂ ಬಿಡದೇ ಇದ್ದವರೂ ಇದ್ರು. ನೆದರ್‌ಲೆಂಡ್ಸಿನ ಕೋನಿ. 1857ರಲ್ಲಿ ಶುರುವಾದಾಗ ಅವರು ಮಾಡ್ತಿದ್ದದ್ದು ಕುದುರೆಯ ಸರಂಜಾಮು! ಕುದುರೆ ಹೋಯ್ತು, ಕಾರು ಬಂತು, ಡ್ಯಾಂಪರಿಗೆ ಇಳಿದ್ರು. ಅವರ ಅಡ್ಜಸ್ಟ್‌ಮೆಂಟ್ ಸ್ಟೈಲಿಗೆ ಮಾತ್ರ ಅಲ್ಲ. ಡ್ಯಾಂಪರ್ ಸವೆದ ಹಾಗೆ ಸ್ವಲ್ಪ ತಿರುಗಿಸಿ ಮತ್ತೆ ಹೊಸದರ ಹಾಗೆ ಮಾಡ್ಕೊಳ್ಳಿ ಅಂತ. ಎಸೆಯೋ ಮುಂಚೆ ರಿಪೇರಿ. ನಮ್ಮಪ್ಪನಂಥವರು ಮಾಡೋ ಲೆಕ್ಕ ಇದು.

ಫ್ರಾನ್ಸಿನ ಸಿಟ್ರೊಯೆನ್ ಎರಡು ಸಲ ಇತಿಹಾಸ ಮಾಡಿತು. 1948ರಲ್ಲಿ ತೋರಿಸಿದ 2ಸಿವಿ ರೈತರ ಕಾರು. ಉಳುಮೆ ಮಾಡಿದ ಹೊಲದಲ್ಲಿ ಬುಟ್ಟಿ ಮೊಟ್ಟೆ ಒಡೆಯದೆ ದಾಟಬೇಕು ಅನ್ನೋದು ಬೇಡಿಕೆ. ಕುಷ್ಟಗಿಯ ದಾಳಿಂಬೆ ಬೆಳೆಗಾರರು ಇದನ್ನ ಕೇಳಿದ್ರೆ ಖುಷಿಪಡ್ತಾರೆ. ಆಮೇಲೆ 1955ರ ಡಿಎಸ್. ಲೋಹದ ಸ್ಪ್ರಿಂಗಿನ ಜಾಗಕ್ಕೆ ಅನಿಲ ಮತ್ತು ಎಣ್ಣೆ. ಒಳಗಿನ ಲಿವರ್ ಎಳೆದ್ರೆ ಕಾರು ಒಂಟೆಯ ಹಾಗೆ ಎದ್ದು ನಿಲ್ಲೋದು. ಅದ್ಭುತ, ಆದರೆ ಅದನ್ನ ರಿಪೇರಿ ಮಾಡೋರು ಎಲ್ಲಾ ಊರಲ್ಲಿ ಸಿಗ್ತಿರಲಿಲ್ಲ.

ಸರಿ, ಕಾರಿನದ್ದಾಯ್ತು. ರಸ್ತೆ?

ನಾನು ಹೈಸ್ಕೂಲಿಗೆ ಹೋಗೋ ಹೊತ್ತಿಗೆ ಅದಿರಿನ ಕಾಲ. ಬಳ್ಳಾರಿ, ಸಂಡೂರಿನ ಅದಿರು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಹಾದು ಅಂಕೋಲಾ ಹತ್ತಿರದ ಬೇಲೆಕೇರಿ ಬಂದರಿಗೆ ಹೋಗ್ತಿತ್ತು. ಆಗಿನ ಎನ್‌ಎಚ್ 63, ಈಗಿನ 67. ಲಾರಿ ಹಿಂದೆ ಲಾರಿ, ಕೆಂಪು ಧೂಳು, ಟಾರ್ ಇದ್ದಲ್ಲಿ ತಗ್ಗು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ್ದು, ಅದೆಲ್ಲ ನಿಮಗೆ ಗೊತ್ತಿರೋದೇ. ಗೊತ್ತಿಲ್ಲದೇ ಇರಬಹುದಾದ್ದು ಇನ್ನೊಂದು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 60ರವರೆಗೆ ಬೇಕಂತಲೇ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ, ಹೇಗೆ ಹಾಳಾಗುತ್ತೆ ಅಂತ ನೋಡಿದ್ರು. ಅದರಿಂದ ಬಂದ ಅಂದಾಜು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಆಗೋ ಪೆಟ್ಟು ಎರಡು ಪಟ್ಟಲ್ಲ, ಹದಿನಾರು ಪಟ್ಟು. ನನ್ನ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್, ಲಾರಿಯದರ ಮೇಲೆ ಹತ್ತು ಟನ್ ಅಂತ ಇಟ್ಕೊಳ್ಳಿ. ಭಾರ ಇಪ್ಪತ್ತು ಪಟ್ಟು, ಪೆಟ್ಟು 1,60,000 ಪಟ್ಟು. ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದೆ. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಅಚ್ಚಿನ ಮಿತಿಯನ್ನ 10.2ರಿಂದ 11.5 ಟನ್ನಿಗೆ ಏರಿಸಿತು. ಕೇಳೋಕೆ ಸಣ್ಣದು. ಇದೇ ಅಂದಾಜಿನಲ್ಲಿ ಪೆಟ್ಟು ಶೇಕಡಾ 60ರಷ್ಟು ಜಾಸ್ತಿ.

ಇನ್ನೊಂದು ವಿಚಿತ್ರ. ಕಾರಿಗೆ ಬೇಕಾದ ಎರಕ ನಮ್ಮ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್‌ನಲ್ಲಿ ಆಗುತ್ತೆ, ವಾಹನಗಳ ಬಿಡಿಭಾಗಕ್ಕೆ ಬೇಕಾದ ಉಕ್ಕು ಗಿಣಿಗೇರಾದಲ್ಲಿ ಆಗುತ್ತೆ. ಇಂಜಿನ್ನಿನ ಕಬ್ಬಿಣವೂ ಇಲ್ಲಿಂದ, ತಗ್ಗೂ ಇಲ್ಲಿಯದೇ.

ಹೈವೇ ಈಗ ಅಗಲ ಆಗಿದೆ, ಒಪ್ಪಬೇಕು. ಕಷ್ಟ ಇರೋದು ಊರೊಳಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಅಂದ್ರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ದಾಟೋ ಹಾಗೆ ಇರಬೇಕು. ನಿಮ್ಮ ಓಣಿಯ ಹಂಪನ್ನ ಒಂದ್ಸಲ ಟೇಪ್ ಹಿಡಿದು ಅಳೀರಿ. ನಮ್ಮನೆ ಮುಂದಿನದು ಅಗಲ ಒಂದು ಮೊಳ, ಎತ್ತರ ಒಂದು ಗೇಣು.

ಈಗ ಕಾರ್ಟಿನಲ್ಲಿದ್ದ ಕಿಟ್. ಮೆಕ್ಯಾನಿಕ್ ಅಣ್ಣಾರಿಗೆ ತೋರಿಸಿದೆ. ಅವರು ಫೋಟೋ ದೊಡ್ಡದು ಮಾಡಿ ನೋಡಿ ಕೇಳಿದ್ದು ಒಂದೇ: ‘ನಿಮಗ ಹೈಟ್ ಅಡ್ಜಸ್ಟ್ ಆಗಬೇಕೋ, ಮೆತ್ತಗ ಆಗಬೇಕೋ?’ ಎರಡೂ ಒಂದೇ ಅಂದ್ಕೊಂಡಿದ್ದೆ ನಾನು. ಅಗ್ಗದ ಕಿಟ್ಟುಗಳಲ್ಲಿ ಬರೋದು ಎತ್ತರ ಮಾತ್ರ. ಸ್ಪ್ರಿಂಗ್ ಕೂರೋ ತಟ್ಟೆಯನ್ನ ಮೇಲೆ ಕೆಳಗೆ ತಿರುಗಿಸೋದು. ಅದನ್ನ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ ಎಲ್ಲಾರೂ ಹೇಳ್ತಾರೆ, ಸುಳ್ಳು. ಸಾದಾ ಸುರುಳಿ ಸ್ಪ್ರಿಂಗಿನ ಗಡಸುತನ ಅಷ್ಟೇ ಇರುತ್ತೆ, ಕಾರಿನ ಎತ್ತರ ಮಾತ್ರ ಬದಲಾಗೋದು. ಜತೆಗೆ ಆ ಕಿಟ್ಟಿನ ಸ್ಪ್ರಿಂಗುಗಳು ಮೊದಲೇ ಗಡಸು, ರೇಸ್ ಟ್ರ್ಯಾಕಿನ ಲೆಕ್ಕದವು. ನಮಗೆ ಬೇಕಾಗಿದ್ದು ಕಂಪನಿಯ ಮೂಲ ಸ್ಪ್ರಿಂಗು, ಮೂಲ ಎತ್ತರ, ಮತ್ತು ಗಟ್ಟಿ ಮೆತ್ತಗೆ ಮಾಡ್ಕೊಳ್ಳೋ ಡ್ಯಾಂಪರು. ಅಂದ್ರೆ ಮಾಡೆಲ್ ಎ ಫೋರ್ಡಿನ ಆ ಸೂಜಿ ಸ್ಕ್ರೂ!

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಯಾಗೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಪ್ರಿಂಗ್ ಕೊಯ್ದ ಕಾರು ಓಡಿಸ್ತಿದ್ದ ನಾನು ಎಲ್ಲಿ ನಿಂತಿದ್ದೆ ಅಂತ ಆಗ ಗೊತ್ತಾಯ್ತು. ಡ್ಯಾಂಪರ್ ಹಾಕಿಸೋ ಮುಂಚೆ ಆರ್‌ಟಿಒದಲ್ಲಿ ಕೇಳಿದೆ, ಇನ್ಶೂರೆನ್ಸ್ ಕಂಪನಿಗೆ ಬರೆದು ಉತ್ತರ ತಗೊಂಡೆ. ನೀವೂ ಬರವಣಿಗೆಯಲ್ಲೇ ತಗೊಳ್ರಿ. ಯೂಟ್ಯೂಬ್ ನೋಡಿ ಧೈರ್ಯ ಮಾಡಬೇಡ್ರಿ.

ಕಿಟ್ಟಿನ ಅರ್ಧಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿತು. ಫಿಟ್ಟಿಂಗ್ ದಿನ ಇಡೀ ಹೊತ್ತು ಗ್ಯಾರೇಜಿನಲ್ಲೇ ಇದ್ದೆ. ಮೂರು ವಿಷಯ ಕಲಿತೆ. ಒತ್ತಿ ಕಟ್ಟಿದ ಸ್ಪ್ರಿಂಗ್ ಮುಂದೆ ಮುಖ ಇಟ್ಟು ನಿಲ್ಲಬಾರದು, ಜಾರಿದ್ರೆ ಮುಖ ಉಳಿಯಲ್ಲ. ಮೇಲಿನ ರಬ್ಬರ್ ಮೌಂಟು, ಬಂಪ್‌ಸ್ಟಾಪು ಹಳೇದೇ ಹಾಕಿ ದುಡ್ಡು ಉಳಿಸಬಾರದು. ಇನ್ನೊಂದು ಯಾರೂ ಹೇಳೋದಿಲ್ಲ: ತೋಳುಗಳ ಬುಷ್ ಬೋಲ್ಟುಗಳನ್ನ ಕೊನೆಯ ಬಿಗಿ ಮಾಡಬೇಕಾದದ್ದು ಕಾರು ತನ್ನ ಗಾಲಿ ಮೇಲೆ ನಿಂತಾಗ. ಜ್ಯಾಕ್ ಮೇಲೆ ನೇತಾಡುವಾಗ ಬಿಗಿ ಮಾಡಿದ್ರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಅಣ್ಣಾರು ಹುಡುಗನಿಗೆ ಬೈದು ನಾಲ್ಕೂ ಬೋಲ್ಟು ಬಿಚ್ಚಿಸಿ, ಕಾರು ಇಳಿಸಿ ಮತ್ತೆ ಬಿಗಿ ಮಾಡಿಸಿದ್ರು. ಆಮೇಲೆ ಅಲೈನ್‌ಮೆಂಟ್.

ಭಾನುವಾರ ಅಪ್ಪನನ್ನ ಹಿಂದೆ ಕೂರಿಸಿಕೊಂಡು ಹುಲಿಗಿವರೆಗೆ ಹೋದೆ. ಪೂರಾ ಮೆತ್ತಗೆ ಇಟ್ಟಿದ್ದೆ, ಮೆತ್ತಗಿದ್ದಷ್ಟೂ ಛಲೋ ಅಂತ. ಮುನಿರಾಬಾದ್ ಮುಟ್ಟೋದರೊಳಗೆ ಅಪ್ಪ, ‘ತಮ್ಮಾ, ಹೊಟ್ಟಿ ತೊಳಸ್ತದ’ ಅಂದ್ರು. ತೊಟ್ಟಿಲು! ಚರ್ಮದ ಪಟ್ಟಿಯ ಕುದುರೆಗಾಡಿ! ಗಾಡಿ ಬದಿಗೆ ಹಾಕಿ, ಬಾನೆಟ್ ತೆಗೆದು ಎರಡು ಕ್ಲಿಕ್ ಬಿಗಿ ಮಾಡಿದೆ, ಹಿಂದೆಯೂ ಎರಡು. ಅದೇ ರಸ್ತೆ, ಅದೇ ಹಂಪು. ‘ಇನ್ನೊಂದು ಸ್ವಲ್ಪ’ ಅಂದ್ರು. ಮತ್ತೆ ಎರಡು. ‘ಈಗ ಭಾಳಾತು, ಒಂದು ಇಳಸು.’ ಮಗ್ಗದಲ್ಲಿ ಹಾಸಿನ ಬಿಗಿ ನೋಡ್ತಿದ್ದ ಮನುಷ್ಯ, ಒಂದು ಕ್ಲಿಕ್ಕಿನ ವ್ಯತ್ಯಾಸ ಬೆನ್ನಿನಲ್ಲೇ ಗೊತ್ತಾಗ್ತಿತ್ತು. ಮೂರನೇ ಕ್ಲಿಕ್ಕಿಗೆ ಸುಮ್ಮನಾದರು.

ಮುಂದಿನ ಹುಬ್ಬಳ್ಳಿ ಟ್ರಿಪ್ಪಿನಲ್ಲಿ ಗದಗದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ತಾವೇ ಇಳಿದು ಬಂದ್ರು. ವಾಪಸ್ ಬರುವಾಗ ಹಿಂದೆ ಅಕ್ಕಿ ಚೀಲ ಇತ್ತು, ಹಿಂದಿನದನ್ನ ಆರಕ್ಕೆ ಇಟ್ಟೆ. ಮಳೆಗಾಲದಲ್ಲಿ ಆ ತಿರುಗಿಸೋ ಗುಂಡಿಗೆ ಕೆಸರು ಹೊಕ್ಕು ಒಂದು ಗಟ್ಟಿ ಹಿಡ್ಕೊಂಡಿತ್ತು. ಹಳೇ ಟೂತ್‌ಬ್ರಶ್ ಈಗ ಡ್ಯಾಶ್‌ಬೋರ್ಡಿನಲ್ಲೇ ಇರುತ್ತೆ. ಕೊಯ್ದ ಸ್ಪ್ರಿಂಗುಗಳನ್ನ ಗುಜರಿಗೆ ಹಾಕಿದೆ, ತೂಕಕ್ಕೆ ಎಷ್ಟು ಬರುತ್ತೋ ಅಷ್ಟಕ್ಕೆ.